ಅದಽ ಏನು, ಬ್ಯಾರೆ?

ಹೋದ ತಿಂಗಳು ಧಾರವಾಡದಿಂದ ನಂದಿನಿ ಎಂಬ ಹುಡುಗಿ ಹಳಿಯಾಳದ ನಮ್ಮ ಮನೆಗೆ ಬಂದಿದ್ದಳು. ನಾನು ಮುಂಡಗೋಡದ ಕಡೆ ಪಾಳಾದಲ್ಲಿ ಶಾಲೆ ಕಲಿಸುತ್ತಿದ್ದಾಗ ನನ್ನ ಕೈಯಲ್ಲಿ ಅಕ್ಷರ ತಿದ್ದಿದವಳ ಮಗಳು. ಅವಳ ಓದಿನ ವಿಷಯ ಕೇಳಿ ನನಗೆ ನಗು ಬಂತು. ತಬಲಾ, ಢೋಲಕ, ಹಲಗಿ ಯಾವುದೇ ಇರಲಿ, ಎರಡು ಬಡಿತಗಳನ್ನು ಒಂದಾದ ಮೇಲೊಂದು ಕೇಳಿದರೆ ಜನರಿಗೆ ಅವು ಎಷ್ಟು ಹೋಲುತ್ತವೆ ಅನ್ನಿಸುತ್ತದೆ, ಯಾಕೆ ಹಾಗೆ ಅನ್ನಿಸುತ್ತದೆ ಎಂದು ಊರೂರು ತಿರುಗಿ ಕೇಳಿ ಬರೆದುಕೊಳ್ಳುವುದು. ವರಾಂಡದ ಹಳೆಯ ಹಲಗೆಯ ಮೇಲೆ ಅವಳನ್ನು ಕೂಡಿಸಿದೆ. ಅವಳು ನನ್ನ ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಹಾಳೆ ಕೊಟ್ಟಳು. ಎರಡೂ ಒಂದೇ ಅನ್ನಿಸಿದರೆ ಏಳು ಬರೆಯಬೇಕು, ಏನೇನೂ ಸಂಬಂಧವಿಲ್ಲ ಅನ್ನಿಸಿದರೆ ಒಂದು, ನಡುವಿನದಕ್ಕೆ ನಡುವಿನ ಅಂಕಿ. ಮೊದಲ ಜೋಡಿ ಕೇಳಿದೆ. ಪೆನ್ನು ಹಿಡಿದುಕೊಂಡೇ ಕೂತೆ.

"ಯಾಕ್ರಿ ಅಜ್ಜಿ, ಕೇಳ್ಸಲಿಲ್ಲೇನು?"

"ಕೇಳ್ಸಿತು. ಎಷ್ಟು ಹೋಲ್ತಾವ ಅಂತ ಕೇಳ್ತಿ. ಯಾರಿಗೆ ಹಂಗ ಅನ್ನಿಸಬೇಕು?"

"ನಿಮಗ್ರೀ."

"ನನಗಂದ್ರ ಹನ್ನೊಂದು ವರ್ಷದಾಕಿಗೋ, ಈಗ ಕೂತಾಕಿಗೋ?"

ಹುಡುಗಿ ಹಾಳೆ ನೋಡಿದಳು, ನನ್ನ ಮುಖ ನೋಡಿದಳು. ಮುದುಕಿಗೆ ತಲೆ ಸ್ವಲ್ಪ ಹೊರಳಿದೆ ಎಂದುಕೊಂಡಿರಬೇಕು. ಚಹಾ ಮಾಡಿಕೊಟ್ಟು ನಮ್ಮ ದಾಂಡೇಲಿಯ ಮನೆಯ ಕಥೆ ಹೇಳಿದೆ. ಅವಳಿಗೆ ಹೇಳಿದ್ದು ಸ್ವಲ್ಪ, ಆಮೇಲೆ ಒಬ್ಬಳೇ ಕೂತು ನೆನೆದದ್ದು ಬಹಳ. ಎರಡೂ ಸೇರಿ ಇಲ್ಲಿದೆ.

ದಾಂಡೇಲಿಯಲ್ಲಿ ನಾವಿದ್ದದ್ದು ಏಳು ಮನೆಗಳ ಒಂದು ಚಾಳಿನಲ್ಲಿ. ಕಾಗದದ ಕಾರ್ಖಾನೆಯ ಭೋಂಗಾ ಕೂಗಿದಾಗ ಓಣಿಯ ಅರ್ಧ ಗಂಡಸರು ಡಬ್ಬಿ ಹಿಡಿದು ಹೊರಡುತ್ತಿದ್ದರು. ನಮ್ಮಪ್ಪ ಫಕೀರಪ್ಪ ಉಳಿದರ್ಧದವನು. ಅವನಿಗೆ ಕಟ್ಟಿಗೆ ಕೊಯ್ಯುವ ಒಂದು ಸಣ್ಣ ಸಾಮಿಲ್ಲಿನಲ್ಲಿ ಗರಗಸದ ಮುಂದಿನ ಕೆಲಸ. ಮನೆ ಎಂದರೆ ಎರಡು ಖೋಲಿ. ಮುಂದಿನ ಖೋಲಿಯಲ್ಲಿ ಒಂದು ಮಂಚ, ಮಂಚದ ಮೇಲೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ಗೂಟಕ್ಕೆ ಅಪ್ಪನ ತಬಲಾದ ಗಂಟು. ಹಿಂದಿನ ಖೋಲಿಯಲ್ಲಿ ಒಲೆ, ಒಲೆಯ ಮುಂದೆ ಅವ್ವ, ಅವ್ವನ ಬೆನ್ನಿಗೆ ಒಂದೇ ಇಟ್ಟಂಗಿಯ ಗೋಡೆ. ಗೋಡೆಯ ಆಚೆ ಲಾರಿ ರಿಪೇರಿ ಮಾಡುವ ಹುಸೇನಸಾಬ ಕಾಕಾನ ಸಂಸಾರ. ಆ ಗೋಡೆ ಎಷ್ಟು ತೆಳುವಾಗಿತ್ತೆಂದರೆ ನಮ್ಮ ಮನೆಯ ಒಗ್ಗರಣೆಗೆ ಅವರು ಸೀನುತ್ತಿದ್ದರು. ನಮ್ಮ ಜಗಳಕ್ಕೆ ಅವರು ಪಂಚರಾಗುತ್ತಿದ್ದರು, ಅವರ ಜಗಳಕ್ಕೆ ನಾವು. ಅವ್ವ ಬೆಳಿಗ್ಗೆ ರೊಟ್ಟಿ ಬಡಿಯಲು ಕೂತರೆ ಆಚೆ ಕಾಕಾ ಎದ್ದು ಕೂರುತ್ತಿದ್ದ. ಆ ಮನೆಗೆ ಗಡಿಯಾರ ಬೇಕಾಗಿರಲಿಲ್ಲ.

ಅಪ್ಪ ಓಣಿಯ ಭಜನಾ ಮೇಳದಲ್ಲಿ ತಬಲಾ ಬಾರಿಸುತ್ತಿದ್ದ. ಗುರುವಿನ ಮುಂದೆ ಕೂತು ಕಲಿತವನಲ್ಲ. ಬ್ಯಾಹಟ್ಟಿಯ ಕಡೆಯ ಹಳ್ಳಿಯಲ್ಲಿ ಹುಡುಗನಿದ್ದಾಗ ಹಿರಿಯರ ಬೆರಳು ನೋಡಿ ನೋಡಿ ಕಲಿತದ್ದು. ಗರಗಸದ ಮುಂದೆ ಅವನಿಗೆ ಹೆಸರಿರಲಿಲ್ಲ, ಸೋಮವಾರದ ಭಜನೆಯಲ್ಲಿ ಇತ್ತು. ಸೋಮವಾರ ಸಂಜೆ ಮುಖ ತೊಳೆದು, ಬಿಳಿ ಅಂಗಿ ತೊಟ್ಟು, ಗಂಟನ್ನು ಹೆಗಲಿಗೇರಿಸಿ ಹೊರಟರೆ ಅವನ ನಡಿಗೆಯೇ ಬೇರೆಯಾಗುತ್ತಿತ್ತು. ಆ ನಡಿಗೆ ನೋಡಲು ನಾನು ಹೊಸ್ತಿಲಲ್ಲಿ ನಿಲ್ಲುತ್ತಿದ್ದೆ.

ತಬಲಾ ಮುಟ್ಟಲು ನಮಗ್ಯಾರಿಗೂ ಅಪ್ಪಣೆ ಇರಲಿಲ್ಲ. ಆಟಕ್ಕಿದ್ದದ್ದು ಜೋಳದ ಹಿಟ್ಟಿನ ಡಬ್ಬಿ. ರವಿವಾರ ಸಂತೆ ಮಾಡಿ ಬಂದು, ಉಂಡು, ಶೇಂಗಾ ಹುರಿದುಕೊಂಡು ಎಲ್ಲರೂ ಒಲೆಯ ಖೋಲಿಯಲ್ಲಿ ಕೂಡುತ್ತಿದ್ದೆವು. ಅಪ್ಪ ಡಬ್ಬಿಯನ್ನು ತೊಡೆಯ ನಡುವೆ ಇಟ್ಟುಕೊಂಡು ಒಂದು ಬಡಿತ ಬಾರಿಸುವನು. ಒಂದು ಉಸಿರಿನಷ್ಟು ಬಿಟ್ಟು ಇನ್ನೊಂದು. ಆಮೇಲೆ ಹುಬ್ಬು ಹಾರಿಸಿ ಕೇಳುವನು, "ಅದಽ ಏನು, ಬ್ಯಾರೆ?" ಅಂದರೆ ಅದೇ ಬಡಿತವೋ, ಬೇರೆಯದೋ. ನಾವು ಒಬ್ಬೊಬ್ಬರಾಗಿ ಹೇಳಬೇಕು. ಹುಸೇನಸಾಬ ಕಾಕಾ ತನ್ನ ಮನೆಯಲ್ಲೇ ಕೂತು ಗೋಡೆಗೆ ಬಡಿಯುವನು. ಒಂದು ಸಲ ಬಡಿದರೆ ಅದಽ, ಎರಡು ಸಲ ಬಡಿದರೆ ಬ್ಯಾರೆ. ಗೆದ್ದವರಿಗೆ ಒಂದು ಹಿಡಿ ಶೇಂಗಾ ಹೆಚ್ಚು. ಕಾಕಾ ಗೆದ್ದರೆ ನಾನೇ ಓಡಿಹೋಗಿ ಕೊಟ್ಟು ಬರಬೇಕು.

ಕೇಳಲು ಸುಲಭದ ಆಟ. ಆದರೆ ಅದರಿಂದ ಆದಷ್ಟು ಜಗಳ ನಮ್ಮ ಮನೆಯಲ್ಲಿ ಉಪ್ಪು ಖಾರದಿಂದಲೂ ಆಗಿಲ್ಲ. ಆಯಿ ಬೆರಳು ಮಡಚಿ ಪೆಟ್ಟು ಎಣಿಸುತ್ತಿದ್ದಳು. ಇಲ್ಲೂ ಒಂಬತ್ತು, ಅಲ್ಲೂ ಒಂಬತ್ತು ಆದರೆ ಮುಗಿಯಿತು, ಎರಡೂ ಒಂದೇ. ಹೇಗೆ ಬಿದ್ದವು, ಎಲ್ಲಿ ಬಿದ್ದವು ಅವಳಿಗೆ ಬೇಡ. ಅಪ್ಪ ಒಂದೇ ಬಡಿತವನ್ನು ಒಮ್ಮೆ ನಿಧಾನ, ಒಮ್ಮೆ ವೇಗವಾಗಿ ಬಾರಿಸಿದಾಗ ನಾವೆಲ್ಲ ಅದಽ ಅಂದರೂ ಅವ್ವ ಒಪ್ಪಲಿಲ್ಲ.

"ಮೊದಲನೇದರಾಗ ಬಡದ್ರ ರೊಟ್ಟಿ ಆಗ್ತೈತಿ. ಎರಡನೇದರಾಗ ಬಡದ್ರ ಹರೀತೈತಿ. ಒಂದಽ ಹೆಂಗಾಗ್ತೈತ್ರಿ?"

ಇನ್ನೊಮ್ಮೆ ಅಪ್ಪ ಒಂದು ಬಡಿತ ಬಾರಿಸಿ, ಎರಡನೆಯ ಸಲ ಅದನ್ನೇ ನಡುವಿನಿಂದ ಎತ್ತಿಕೊಂಡ. ನನ್ನ ಕಿವಿ ಮೊದಲ ಪೆಟ್ಟಿಗೆ ಅಂಟಿಕೊಳ್ಳುವ ಕಿವಿ. ಮೊದಲ ಪೆಟ್ಟು ಬದಲಾಯಿತೆಂದರೆ ನನಗೆ ಇಡೀ ಬಡಿತವೇ ಹೊಸದು. ಬ್ಯಾರೆ ಎಂದು ಕೂಗಿದೆ. ಗೋಡೆ ಒಂದೇ ಸಲ ಸದ್ದು ಮಾಡಿತು. ನಾನು ಗೋಡೆಗೆ ಬಾಯಿ ಹಚ್ಚಿ ಜಗಳಕ್ಕೆ ನಿಂತೆ. ಆಚೆಯಿಂದ ಕಾಕಾ ಸಮಾಧಾನದಿಂದ ಹೇಳಿದ:

"ಬೇಟಿ, ಇಂಜಿನ್ ನಡದಿರ್ತೈತಿ. ನೀ ಈಗ ಬಂದು ಕೇಳಿದಿ, ನಾ ಆಗಲೇ ಬಂದು ಕೇಳಿದೆ. ಅಷ್ಟಕ್ಕ ಇಂಜಿನ್ ಎರಡು ಆಗ್ತಾವೇನು?"

ಎಲ್ಲಕ್ಕಿಂತ ದೊಡ್ಡ ಜಗಳ ಡಬ್ಬಿಯದು. ಶನಿವಾರಕ್ಕೆ ಡಬ್ಬಿಯಲ್ಲಿ ಹಿಟ್ಟು ತಳ ಹತ್ತಿ ಸದ್ದು ಖಣಖಣ ಅನ್ನುತ್ತಿತ್ತು. ರವಿವಾರ ಬೀಸಿಕೊಂಡು ಬಂದು ತುಂಬಿದರೆ ದಪ್ಪ ಸದ್ದು. ಒಂದೇ ಬಡಿತವನ್ನು ಖಾಲಿ ಡಬ್ಬಿಯ ಮೇಲೊಮ್ಮೆ, ತುಂಬಿದ ಡಬ್ಬಿಯ ಮೇಲೊಮ್ಮೆ ಬಾರಿಸಿದರೆ ಅದಽ ಏನು ಬ್ಯಾರೆ? ನಾನು ಬ್ಯಾರೆ ಎಂದೆ. ಸೋತಾಗ ಡಬ್ಬಿಯದೇ ತಪ್ಪು ಎಂದು ವಾದಿಸಿದೆ. "ಕುಣಿಲಾರದಾಕಿ ನೆಲಾ ಡೊಂಕ ಅಂದ್ಲಂತ," ಎಂದು ಆಯಿ ನನ್ನ ಪಾಲಿನ ಶೇಂಗಾವನ್ನೂ ತಿಂದಳು. ಮೂರು ದಿನ ಅವಳೊಡನೆ ಮಾತು ಬಿಟ್ಟಿದ್ದೆ. ಹುಟ್ಟಿದಾಗಿನಿಂದ ನನಗೆ ಎರಡು ವಸ್ತು ಕಂಡರೆ ಅವುಗಳ ನಡುವಿನ ಫರಕು ಹುಡುಕುವ ಚಟ. ಚಾಳಿನವರೆಲ್ಲ ನನ್ನನ್ನು ಬ್ಯಾರೆಶಾಂತಿ ಎಂದೇ ಕರೆಯುತ್ತಿದ್ದರು. ನನಗೆ ಆ ಹೆಸರಿನ ಮೇಲೆ ಒಳಗೊಳಗೇ ಅಭಿಮಾನವಿತ್ತು. ಕಿವಿ ಚುರುಕಿದ್ದವರಿಗೆ ಎಲ್ಲವೂ ಬ್ಯಾರೆ, ಮಂದ ಇದ್ದವರಿಗೆ ಎಲ್ಲವೂ ಅದಽ ಎಂದು ತಿಳಿದಿದ್ದೆ.

ಹನ್ನೊಂದನೆಯ ವರ್ಷ, ಶ್ರಾವಣ ಇನ್ನೇನು ಬರಬೇಕು ಅನ್ನುವಾಗ, ಒಂದು ರವಿವಾರ ನಾನು ಹಟ ಹಿಡಿದೆ. ಯಾವಾಗಲೂ ಅಪ್ಪನೇ ಬಾರಿಸುವುದೇಕೆ, ಇವತ್ತು ನಾನು ಬಾರಿಸುತ್ತೇನೆ, ಅಪ್ಪ ಹೇಳಲಿ. ವಾರವಿಡೀ ಗುಟ್ಟಾಗಿ ಎರಡು ಬಡಿತ ಕಟ್ಟಿದ್ದೆ. ಎರಡರಲ್ಲೂ ಅಂಗೈಯ ದಪ್ಪ ಪೆಟ್ಟುಗಳು ಒಂದೇ ಜಾಗದಲ್ಲಿ. ನಡುವೆ ಡಬ್ಬಿಯ ಕಂಠಕ್ಕೆ ಉಗುರಿನಿಂದ ತಟ್ಟುವ ಸಣ್ಣ ಪೆಟ್ಟುಗಳು ಮಾತ್ರ ಒಂದರಲ್ಲಿ ಒಂದು ಕಡೆ ಎರಡು, ಇನ್ನೊಂದರಲ್ಲಿ ಇನ್ನೊಂದು ಕಡೆ ಮೂರು. ಅಪ್ಪ ಕಣ್ಣು ಮುಚ್ಚಿ ಕೇಳಿದ. ಎರಡೂ ಮುಗಿದ ಮೇಲೆ ತಡಮಾಡದೆ ಹೇಳಿದ.

"ಅದಽ."

ಗೋಡೆ ಎರಡು ಸಲ ಸದ್ದು ಮಾಡಿತು. ಆಯಿ ಬ್ಯಾರೆ ಎಂದಳು. ಅವ್ವನೂ ಬ್ಯಾರೆ ಎಂದಳು. ಆ ಮೂವರು ಒಂದೇ ಉತ್ತರ ಕೊಟ್ಟದ್ದು ಅದೇ ಮೊದಲು. ತಬಲಾ ಬಾರಿಸುವ ಅಪ್ಪ ಸೋತಿದ್ದಾನೆ ಎಂದು ನಾನು ಕುಣಿದುಬಿಟ್ಟೆ. ಇನ್ನೊಮ್ಮೆ ಬಾರಿಸಿದೆ. ಈ ಸಲ ಅಪ್ಪ ಕಣ್ಣು ಬಿಟ್ಟು ನನ್ನ ಬೆರಳನ್ನೇ ನೋಡಿದ, ನಕ್ಕ, ಬ್ಯಾರೆ ಎಂದ. ಅದು ಮೋಸ, ಆ ಕಡೆ ತಿರುಗಿ ಕೂಡು ಎಂದೆ. ಅಪ್ಪ ಗೋಡೆಗೆ ಮುಖ ಮಾಡಿ ಕೂತ. ಉಗುರಿನ ಪೆಟ್ಟನ್ನು ಆದಷ್ಟು ಜೋರಾಗಿ ಹಾಕಿದೆ. ಅಪ್ಪ ಮೆಲ್ಲಗೆ ಕೇಳಿದ, "ಅದಽ ಅಲ್ಲೇನು?" ಗೋಡೆ ಈ ಸಲ ಸದ್ದು ಮಾಡಲಿಲ್ಲ. ಅವ್ವ ನನ್ನ ತೊಡೆಯಿಂದ ಡಬ್ಬಿ ಎತ್ತಿಕೊಂಡಳು.

"ಸಾಕ ಮಾಡು. ಡಬ್ಬಿ ನೆಗ್ಗತೈತಿ."

ಆಮೇಲೆ ಬಚ್ಚಲಲ್ಲಿ ಪಾತ್ರೆ ತಿಕ್ಕುತ್ತಾ ಅವ್ವ ನನಗೆ ಹೇಳಿದಳು. ಅಪ್ಪನ ಕಿವಿ ಮಂದವಾಗುತ್ತಿದೆ ಎಂದು ಅವಳಿಗೆ ಮೊದಲೇ ಸಂಶಯ ಇತ್ತಂತೆ. ಹಿಂದೆ ಅವಳು ಬಳೆ ಸದ್ದು ಮಾಡಿದರೆ ಸಾಕು, ಅಪ್ಪ ತಿರುಗಿ ನೋಡುತ್ತಿದ್ದ. ಒಂದೆರಡು ವರ್ಷದಿಂದ ಹೆಸರು ಹಿಡಿದು ಕರೆಯಲಾಗದ ಅವಳು ಎದುರಿಗೇ ಹೋಗಿ ನಿಲ್ಲಬೇಕಾಗುತ್ತಿತ್ತು. ಗರಗಸದ ಮುಂದೆ ನಿಲ್ಲುವವರು ಕಿವಿಗೆ ಅರಳೆ ತುಂಬಿಕೊಳ್ಳುತ್ತಾರೆ. ಅಪ್ಪ ತುಂಬಿಕೊಳ್ಳುತ್ತಿರಲಿಲ್ಲ. ಕಟ್ಟಿಗೆಯೊಳಗೆ ಗಂಟು ಬಂದರೆ ಗರಗಸದ ದನಿ ಬದಲಾಗುತ್ತದೆ, ಅದು ಕೇಳದಿದ್ದರೆ ಕೈ ಹೋಗುತ್ತದೆ ಎಂಬುದು ಅವನ ವಾದ. ಕೈ ಉಳಿಸಿಕೊಳ್ಳಲು ಕಿವಿ ಕೊಟ್ಟಿದ್ದ. ಆ ಮಧ್ಯಾಹ್ನ ನನ್ನ ಚುರುಕು ಕಿವಿಯ ಮೇಲೆ ನನಗೇ ಹೇಸಿಗೆಯಾಯಿತು. ಯಾರಿಗೂ ಗೊತ್ತಾಗದಂತೆ ಅಪ್ಪ ಮುಚ್ಚಿಟ್ಟುಕೊಂಡದ್ದನ್ನು ನಾನು ಎಲ್ಲರೆದುರು, ಕುಣಿಯುತ್ತಾ, ತೆಗೆದು ತೋರಿಸಿದ್ದೆ.

ಶ್ರಾವಣದ ಮೊದಲ ಸೋಮವಾರ ಮೇಳ ಕೋಗಿಲಬನಕ್ಕೆ ಭಜನೆಗೆ ಹೋಯಿತು. ಮೇಳದಲ್ಲಿ ಅಪ್ಪನದೊಂದು ಹಟವಿತ್ತು. ತಾಳ ಹಾಕುವ ಈರಪ್ಪಜ್ಜ ತನ್ನ ಎದುರಿಗೇ ಕೂಡಬೇಕು. ದೊಡ್ಡಸ್ತಿಕೆ ಎಂದು ಕೆಲವರು ಮೂಗು ಮುರಿಯುತ್ತಿದ್ದರು. ಕೋಗಿಲಬನದಲ್ಲಿ ಜಾಗ ಸಣ್ಣದು, ಈರಪ್ಪಜ್ಜ ಅಪ್ಪನ ಬೆನ್ನ ಹಿಂದೆ ಕೂತ. ಎರಡು ಪದ ಆಗುವಷ್ಟರಲ್ಲಿ ತಬಲಾ ಒಂದು ದಿಕ್ಕು, ತಾಳ ಒಂದು ದಿಕ್ಕು. ಅಪ್ಪ ಕತ್ತು ಹೊರಳಿಸಿ ಹೊರಳಿಸಿ ಈರಪ್ಪಜ್ಜನ ಕೈ ಹುಡುಕುತ್ತಿದ್ದ. ಕಂಚಿನ ತಾಳದ ಸಣ್ಣ ದನಿ ಅವನ ಕಿವಿಗೆ ಎಂದೋ ಬೀಳುವುದು ನಿಂತಿತ್ತು ಎಂದು ಹೆಂಗಸರ ಸಾಲಿನಲ್ಲಿ ಕೂತ ನನಗೆ ಆಗ ತಿಳಿಯಿತು. ಇಷ್ಟು ದಿನ ಅವನು ತಾಳ ಕೇಳುತ್ತಿರಲಿಲ್ಲ, ನೋಡುತ್ತಿದ್ದ.

ಮರುದಿನ ಸಂಜೆ ಮೇಳದ ಹಿರಿಯ, ಹಾರ್ಮೋನಿಯಂ ಪೇಟಿ ಬಾರಿಸಿ ಹಾಡುವ ಮಲ್ಲೇಶಪ್ಪ ಮಾಸ್ತರರು ಮನೆಗೆ ಬಂದರು. ಚಹಾ ಕುಡಿದರು. ಕಪ್ಪು ಕೆಳಗಿಟ್ಟು, ಅಪ್ಪನಿಗೆ ಕೇಳುವಂತೆ ದನಿ ಎತ್ತಿ, ಆದರೆ ಎತ್ತಿದ್ದು ಗೊತ್ತಾಗಬಾರದೆಂದು ನಗುತ್ತಾ ಮಾತಾಡಿದರು.

"ಫಕೀರಪ್ಪ, ಒಂದು ಮಾತು. ಶ್ರಾವಣದ ಕಡೀ ಸೋಮವಾರ ಹಳಿಯಾಳದ ಮೇಳದ ಕೂಡ ಜೋಡಿ ಭಜನಿ ಐತಿ."

"ಗೊತ್ತೈತ್ರಿ ಮಾಸ್ತರ್ರ."

"ಎರಡು ವರ್ಷ ಆತು, ನಿನ್ನ ಕೈ ಎತ್ತ ಹೋಗ್ತೈತೋ ನಾವು ಅತ್ತ ಹೊಂಟೇವಿ. ಪದಾ ಹಿಗ್ಗಸ್ತೀವಿ, ಕುಗ್ಗಸ್ತೀವಿ. ನಮ್ಮೊಳಗ ನಡೀತೈತಿ. ಹಳಿಯಾಳದವರು ಹಂಗ ಮಾಡೂದಿಲ್ಲ."

ಅಪ್ಪ ಅವರ ತುಟಿಯನ್ನೇ ನೋಡುತ್ತಿದ್ದ. ಕೊನೆಗೆ ಹೇಳಿದ:

"ನಾ ನಿಮ್ಮ ಹಿಂದ ಬರ್ತೇನಿ ಅನ್ಕೊಂಡಿದ್ದೆ."

ಮಾಸ್ತರರು ಕೆಟ್ಟವರಲ್ಲ. ಆ ಮಾತಿಗೆ ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದ್ದೇನೆ. ಹಳಿಯಾಳದ ದಿನ ಬಂಗೂರನಗರದ ಹುಡುಗನೊಬ್ಬ ತಬಲಾಕ್ಕೆ ಕೂಡುತ್ತಾನೆ, ನೀನು ಪಕ್ಕದಲ್ಲಿ ಕೂತಿರು ಎಂದರು. ಅಪ್ಪ ಆಗಲಿ ಎಂದ. ಅವರು ಹೋದ ಮೇಲೆ ಗೂಟದ ಗಂಟನ್ನು ಇಳಿಸಿ, ಹಳೆಯ ಧೋತರದಲ್ಲಿ ಇನ್ನೊಂದು ಸುತ್ತು ಸುತ್ತಿ, ಆಯಿಯ ಮಂಚದ ಕೆಳಗೆ ದಬ್ಬಿದ.

ಆಮೇಲೆ ನಮ್ಮ ಮನೆಯಲ್ಲಿ ಸದ್ದೇ ಸತ್ತಂತಾಯಿತು. ಅಪ್ಪನಿಗೆ ಉಣ್ಣುವಾಗ ತಾಟಿನ ಅಂಚಿಗೆ, ಬೀಡಿ ಸೇದುವಾಗ ಮೊಣಕಾಲಿಗೆ ಬೆರಳು ಆಡಿಸುವ ರೂಢಿ. ಅದೂ ನಿಂತಿತು. ರವಿವಾರ ಬಂತು, ಶೇಂಗಾ ಹುರಿಯಲಿಲ್ಲ. ಅಪ್ಪ ಇನ್ನು ಮೇಲೆ ಸೋಮವಾರದ ನಡಿಗೆ ನಡೆಯುವುದೇ ಇಲ್ಲವೇ ಎಂದು ನನಗೆ ಒಂದೇ ಚಿಂತೆ. ಅದಕ್ಕೆ ನಾನೇ ಕಾರಣ ಎಂದು ಎರಡನೆಯ ಚಿಂತೆ. ಆಯಿ ಮಂಚದ ಮೇಲೆ ಕೂತು ಕೆಳಗಿನ ಗಂಟನ್ನು ಕಾಯುವವಳಂತೆ ಕಾಲು ಇಳಿಬಿಟ್ಟಿದ್ದಳು.

ಎರಡನೆಯ ರವಿವಾರ ಗೋಡೆಯ ಆಚೆಯಿಂದ ಸದ್ದು ಬಂತು. ಒಂದು, ಬಿಟ್ಟು ಎರಡು, ಬಿಟ್ಟು ಒಂದು. ಯಾವ ಉತ್ತರವೂ ಅಲ್ಲ, ಬರಿಯ ಕರೆ. ಅಪ್ಪನಿಗೆ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಹುಸೇನಸಾಬ ಕಾಕಾನೇ ಬಾಗಿಲಿಗೆ ಬಂದ, ಕೈಯಲ್ಲಿ ಮೊಳದುದ್ದದ ಸ್ಕ್ರೂಡ್ರೈವರ್. "ಫಕೀರಣ್ಣ, ಬಾ ಇಲ್ಲೆ," ಎಂದು ಕೈಹಿಡಿದು ಎಳೆದುಕೊಂಡು ಹೋಗಿ, ಓಣಿಯ ಬಾಯಲ್ಲಿ ನಿಂತ ಲಾರಿಯ ಬಾನೆಟ್ ಎತ್ತಿ ಇಂಜಿನ್ ಚಾಲೂ ಮಾಡಿದ. ನಾನೂ ಬೆನ್ನು ಹತ್ತಿದ್ದೆ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಹಚ್ಚಿ, ಹಿಡಿಕೆಯನ್ನು ಅಪ್ಪನ ಕಿವಿಯ ಮುಂದಿನ ಎಲುಬಿಗೆ ಒತ್ತಿದ. ಮೆಕ್ಯಾನಿಕ್ಕರು ಇಂಜಿನ್ನಿನ ಬೇನೆ ತಿಳಿಯುವ ರೀತಿ ಅದು. ಅಪ್ಪನ ಹುಬ್ಬು ಮೇಲೇರಿತು.

"ಒಳಗ ಏನೋ ಬಡೀತೈತಿ."

"ಎಷ್ಟಕ್ಕೊಂದು ಸಲ?"

ಅಪ್ಪ ಲಾರಿಯ ಮಡ್‌ಗಾರ್ಡಿನ ಮೇಲೆ ಬೆರಳಿನಿಂದ ಬಾರಿಸಿ ತೋರಿಸಿದ. ಎರಡು ವಾರದ ಮೇಲೆ ಅವನ ಬೆರಳು ಆಡಿದ್ದು ಅವತ್ತು. ಕಾಕಾ ಇಂಜಿನ್ ಬಂದ್ ಮಾಡಿ ಹೇಳಿದ:

"ಕಿವಿ ಹೋದ್ರ ಹೋಗ್ಲಿ ಬಿಡು. ನಿನ್ನ ಎಲುಬು ನನ್ನಕಿಂತ ಛಲೋ ಅದಾವ."

ಮುಂದಿನ ಕೆಲಸ ಅಪ್ಪನದು, ತಾಳವನ್ನು ಎಲುಬಿಗೆ ಮುಟ್ಟಿಸುವ ಹಲಗೆ ಹುಡುಕುವುದು. ಕಬ್ಬಿಣದ ಸಂಗತಿ ಕಾಕಾನಿಗೆ ಗೊತ್ತಿದ್ದರೆ ಕಟ್ಟಿಗೆಯದು ಅಪ್ಪನಿಗೆ ಗೊತ್ತಿತ್ತು. ನನ್ನನ್ನು ಸಾಮಿಲ್ಲಿಗೆ ಕರೆದುಕೊಂಡು ಹೋದ. ಧಣಿಯನ್ನು ಕೇಳಿ, ಕೊಯ್ದಿಟ್ಟ ಹಲಗೆಗಳನ್ನು ಒಂದೊಂದಾಗಿ ನೆಲಕ್ಕಿಟ್ಟು, ಒಂದು ತುದಿಗೆ ತಾನು ಕೂತು ಇನ್ನೊಂದು ತುದಿಗೆ ನನ್ನನ್ನು ಕೂಡಿಸಿ ಹಿಮ್ಮಡಿಯಿಂದ ತಟ್ಟು ಎಂದ. ಮತ್ತಿ ಮರದ ಹಲಗೆ ಸದ್ದನ್ನು ನುಂಗಿತು. ಹಲಸು ಗುಂಯ್ ಎಂದು ಎಲ್ಲವನ್ನೂ ಕಲಸಿತು. ಕೊನೆಗೆ ಅಡ್ಡಡ್ಡ ಬಿದ್ದಿದ್ದ ಒಂದು ಹಳೆಯ ಸಾಗವಾನಿ ಹಲಗೆ, ಎರಡು ಬೆರಳು ದಪ್ಪದ್ದು. ಅಪ್ಪ ಕಣ್ಣು ಮುಚ್ಚಿದ. ನಾನು ಅಂದು ಅವನನ್ನು ಸೋಲಿಸಿದ್ದ ಆ ಎರಡು ಬಡಿತಗಳನ್ನೇ ಹಿಮ್ಮಡಿಯಿಂದ ಹಾಕಿದೆ. ಸಣ್ಣ ಪೆಟ್ಟುಗಳನ್ನೂ ಬಿಡದೆ.

"ಬ್ಯಾರೆ," ಎಂದ ಅಪ್ಪ. "ಖರೇನಽ ಬ್ಯಾರೆ ಐತಲ್ಲ ಇದು. ಅವತ್ತು ನೀ ಛಲೋ ಕಟ್ಟಿದ್ದಿ."

ನಾನು ಅಳತೊಡಗಿದೆ. ಅಪ್ಪ ಹಲಗೆಯ ಇನ್ನೊಂದು ತುದಿಯಲ್ಲಿ ಕೂತೇ ಇದ್ದ, ನಾನು ಮುಗಿಸುವ ತನಕ.

ಹಲಗೆ ಮನೆಗೆ ಬಂತು, ಸಂಜೆಯೆಲ್ಲ ಅದರ ಮೇಲೆ ಅಭ್ಯಾಸ ಶುರುವಾಯಿತು. ಮೊದಲು ಈರಪ್ಪಜ್ಜನನ್ನು ಕೂಡಿಸಿ ನೋಡಿದರು. ಅಜ್ಜ ತಾಳ ಹಾಕುವಾಗ ಮೈಯೆಲ್ಲ ತೂಗುತ್ತಿದ್ದನೇ ಹೊರತು ಹಿಮ್ಮಡಿ ಅಲುಗುತ್ತಿರಲಿಲ್ಲ. ಅಪ್ಪನ ಬಡಿತಗಳನ್ನೆಲ್ಲ ಕಾಲಿನಿಂದ ಹೇಳಬಲ್ಲವಳು ನಾನೊಬ್ಬಳೇ. ಸಂಗತಿ ತಿಳಿದು ಬಂದ ಮಾಸ್ತರರು ತಲೆ ಕೆರೆದುಕೊಂಡರು.

"ಮೇಳದಾಗ ಹೆಣ್ಣಹುಡುಗಿ ಕೂಡೂ ಪದ್ಧತಿ ಇಲ್ಲವಾ, ಅಮ್ಮಾ."

ಆಯಿ ಮಂಚದ ಮೇಲಿಂದಲೇ ಕೇಳಿದಳು:

"ಕಿವುಡಾ ತಬಲಾ ಬಾರ್ಸೂ ಪದ್ಧತಿ ಐತೇನ್ರಿ ಮಾಸ್ತರ? ಒಂದು ಪದ್ಧತಿ ಮುರದ ಮ್ಯಾಲ ಇನ್ನೊಂದು ಮುರಿಲಿಕ್ಕೆ ಎಷ್ಟೊತ್ತು?"

ಮಾಸ್ತರರು ನಕ್ಕುಬಿಟ್ಟರು. ನಕ್ಕ ಮೇಲೆ ಬೇಡ ಎನ್ನಲು ಅವರಿಗೆ ಬರಲಿಲ್ಲ. ಆದರೂ ಬಂಗೂರನಗರದ ಹುಡುಗ ಜೊತೆಗಿರಲಿ, ತಪ್ಪಿದರೆ ಅವನು ಎತ್ತಿಕೊಳ್ಳಲಿ ಎಂದರು.

ಕಡೆಯ ಸೋಮವಾರ ಮಧ್ಯಾಹ್ನ ಹಲಗೆ ಹಳಿಯಾಳಕ್ಕೆ ಹೋದದ್ದು ಹುಸೇನಸಾಬ ಕಾಕಾ ರಿಪೇರಿ ಮಾಡಿದ ಲಾರಿಯಲ್ಲಿ. ರಿಪೇರಿ ಆದ ಗಾಡಿ ಒಮ್ಮೆ ಓಡಿಸಿ ನೋಡಬೇಕಲ್ಲ, ಹಳಿಯಾಳದ ರಸ್ತೆಯೇ ಆಗಲಿ ಎಂದ. ಇಡೀ ಮೇಳ ಹಿಂದೆ ಕೂತಿತ್ತು. ಗುಡಿಯ ಕಟ್ಟೆಯ ಮೇಲೆ ಎರಡೂ ಮೇಳಗಳು ಎದುರುಬದುರು, ಒಂದೇ ಪದವನ್ನು ಕೂಡಿ ಹಾಡುವುದು. ಹಲಗೆಯ ಒಂದು ತುದಿಗೆ ಅಪ್ಪ, ಇನ್ನೊಂದು ತುದಿಗೆ ಹೊಸ ಪರಕಾರ ಉಟ್ಟ ನಾನು. ಹಳಿಯಾಳದವರು ನನ್ನನ್ನು ನೋಡಿ ಏನೋ ಪಿಸುಗುಟ್ಟಿಕೊಂಡರು. ಮೊದಲ ಪದ ಸರಿಹೋಯಿತು, ಎರಡನೆಯದೂ ಸರಿಹೋಯಿತು. ನನ್ನ ಕಣ್ಣು ಈರಪ್ಪಜ್ಜನ ಕೈ ಮೇಲೆ, ಹಿಮ್ಮಡಿ ಹಲಗೆಯ ಮೇಲೆ, ಮತ್ತು ಅಪ್ಪನ ಕೈ ನನ್ನ ಹಿಮ್ಮಡಿಗೆ ಕಟ್ಟಿದಂತೆ ನಡೆದಿತ್ತು. ಮೂರನೆಯ ಪದದಲ್ಲಿ ಹಳಿಯಾಳದವರು ಒಮ್ಮೆಲೇ ನಡೆ ಬದಲಿಸಿದರು. ಅವರ ತಬಲಾದವನ ಎಡಗೈಯ ದಪ್ಪ ಪೆಟ್ಟು ಹಿಂದಿನದೇ, ಬಲಗೈಯ ಸಣ್ಣ ಪೆಟ್ಟುಗಳು ಮಾತ್ರ ಬೇರೆ. ನನ್ನ ಡಬ್ಬಿಯ ಒಗಟೇ ಎದುರಿಗೆ ಬಂದು ನಿಂತಿತ್ತು. ಕಿವಿಗೆ ಗೊತ್ತಾಯಿತು, ಹೆದರಿಕೆಗೆ ಕಾಲು ಏಳಲಿಲ್ಲ. ಹಿಮ್ಮಡಿ ನಿಂತುಬಿಟ್ಟಿತು. ಬಂಗೂರನಗರದ ಹುಡುಗ ತನ್ನ ತಬಲಾದ ಮೇಲಿನ ಬಟ್ಟೆ ಸರಿಸಿದ್ದು ಕಂಡಿತು. ಎಲ್ಲವೂ ಮುಗಿಯಿತು, ಎರಡನೆಯ ಸಲವೂ ಅಪ್ಪನನ್ನು ಎಲ್ಲರೆದುರು ನಾನೇ ಬೀಳಿಸಿದೆ ಎಂದುಕೊಂಡೆ.

ಅಪ್ಪ ಬಲಗೈ ಎತ್ತಿದ. ಡಗ್ಗಾದ ಮೇಲಿನ ಎಡಗೈ ಮಾತ್ರ ನಡೆಯಿತು, ಬದಲಾಗದೆ ಉಳಿದಿದ್ದ, ಅವನಿಗೆ ಇನ್ನೂ ಕೇಳಿಸುತ್ತಿದ್ದ ದಪ್ಪ ಪೆಟ್ಟುಗಳ ಮೇಲೆ. ಕೇಳುವವರಿಗೆ ಬೇಕೆಂದೇ ಬಿಟ್ಟ ಬಿಡುವಿನಂತೆ ಕೇಳಿಸಿರಬೇಕು, ಯಾರೋ ವಾಹ್ವಾ ಎಂದರು. ಅಪ್ಪ ನನ್ನ ಕಡೆ ತಿರುಗಿ, ರವಿವಾರ ಡಬ್ಬಿ ಹಿಡಿದಾಗ ಹಾರಿಸುತ್ತಿದ್ದ ಹುಬ್ಬನ್ನು ಹಾರಿಸಿದ. ಆ ಹಳೆಯ ಪ್ರಶ್ನೆ ಕೇಳುತ್ತಿದ್ದ, ಅಷ್ಟೆ. ಅದಽ ಏನು, ಬ್ಯಾರೆ? ನನ್ನ ಕಾಲು ತಾನಾಗಿ ಎದ್ದಿತು. ಹೊಸ ನಡೆಯನ್ನು ಹಲಗೆಗೆ ತಟ್ಟಿದೆ. ಮರುಸುತ್ತಿನಲ್ಲಿ ಅವನ ಬಲಗೈ ಇಳಿಯಿತು, ತಾಳದ ಮೇಲೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ. ಮಾಸ್ತರರು ಪೇಟಿಯ ಮೇಲೆ ತಲೆ ಬಾಗಿಸಿ ಹಾಡುತ್ತಿದ್ದರು. ಹುಡುಗ ಬಟ್ಟೆಯನ್ನು ಮತ್ತೆ ಹೊದಿಸಿದ.

ಬರುವಾಗ ಲಾರಿಯಲ್ಲಿ ಕೇಳಿದೆ, ನಾನು ನಿಲ್ಲಿಸಿದಾಗ ಹೆದರಿಕೆ ಆಗಲಿಲ್ಲವೇ ಎಂದು. ಎರಡು ಸಲ ಕೂಗಿ ಕೇಳಬೇಕಾಯಿತು.

"ನೀ ನಿಂತಿ ಅಂದ್ರ ಏನೋ ಬ್ಯಾರೆ ಬಂದೈತಿ ಅಂತ ತಿಳೀತು. ಅದಽ ಇದ್ರ ನೀ ಯಾಕ ನಿಲ್ತಿದ್ದಿ?"

ಬ್ಯಾರೆಶಾಂತಿ ಎಂಬ ಹೆಸರು ಯಾರಿಗಾದರೂ ಕೆಲಸಕ್ಕೆ ಬಂದದ್ದು ಅದೇ ಮೊದಲು. ಅಪ್ಪ ಆಮೇಲೆ ಎಷ್ಟೋ ಶ್ರಾವಣ ತಬಲಾ ಬಾರಿಸಿದ. ನಾನು ಮಾಸ್ತರಿಕೆ ಕಲಿಯಲು ಹೋದ ಮೇಲೆ ಹಲಗೆಯ ಇನ್ನೊಂದು ತುದಿಗೆ ಕಾಕಾನ ಮಗಳು ಮುಮತಾಜ ಕೂತಳು. ಪದ್ಧತಿಯ ಮಾತನ್ನು ಆಗ ಯಾರೂ ಎತ್ತಲಿಲ್ಲ. ಪಾಳಾದ ಶಾಲೆಯಲ್ಲಿ ನನ್ನ ಮುಂದೆ ಬಂದು ಕೂತ ಮಕ್ಕಳಲ್ಲಿ ತಪ್ಪು ಉತ್ತರ ಹೇಳಿದವರನ್ನು ನಾನು ಬಡಿಯಲಿಲ್ಲ. ಈ ಹುಡುಗನಿಗೆ ಯಾವ ಪೆಟ್ಟು ಕೇಳಿಸಿದೆ, ಯಾವುದು ಕೇಳಿಸಿಲ್ಲ ಎಂದು ಮೊದಲು ಹುಡುಕುತ್ತಿದ್ದೆ. ಅದನ್ನು ಯಾವ ತರಬೇತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ.

ಬಹಳ ವರ್ಷದ ಮೇಲಿನ ಒಂದು ಬೆಳಿಗ್ಗೆ. ಅವ್ವ ನಳದ ಕಟ್ಟೆಯಲ್ಲಿ ಜಾರಿ ಬಿದ್ದು ಬಲಗೈ ಮುರಿದಿತ್ತು. ಎಲುಬು ಕೂಡಿತು, ಕಸುವು ಕೂಡಲಿಲ್ಲ. ರಜೆಗೆ ಹೋದ ನನಗೆ ಎಚ್ಚರವಾದದ್ದು ರೊಟ್ಟಿಯ ಸದ್ದಿಗೆ, ಆದರೆ ಅದು ನನಗೆ ಗೊತ್ತಿದ್ದ ಸದ್ದಲ್ಲ. ಎಡಗೈಯಿಂದ ಮೂರು ತಟ್ಟು, ನಿಲ್ಲುವುದು, ಬಲಗೈಯಿಂದ ತಿರುಗಿಸಲು ಹೆಣಗುವುದು, ಮತ್ತೊಂದು ತಟ್ಟು. ಮೊದಲಿನ ಮಳೆಯಂಥ ಬಡಿತ ಎಲ್ಲಿ, ಈ ಕುಂಟು ಎಲ್ಲಿ. ಅಪ್ಪನಿಗೆ ಆಗ ಪೂರ್ತಿ ಕಿವುಡು. ಒಲೆಯ ಖೋಲಿಯ ಗೋಡೆಗೆ ಆ ಸಾಗವಾನಿ ಹಲಗೆ ಹಾಕಿಕೊಂಡು ಅದರ ಮೇಲೆ ಕೂತಿದ್ದ. ಅವ್ವ ರೊಟ್ಟಿ ಬಡಿಯುವ ಮರದ ಕೊಣಮಗಿಯ ಅಂಚು ಹಲಗೆಗೆ ತಾಗಿತ್ತು. ನಾನು ಎದುರಿಗೆ ಕೂತು, ತುಟಿ ಕಾಣುವಂತೆ ಕೇಳಿದೆ:

"ಅಪ್ಪಾ, ಅವ್ವಂದು ಮೊದಲಿಂದಽ ಏನು, ಬ್ಯಾರೆ?"

ಅಪ್ಪ ಅಂಗೈಯನ್ನು ಹಲಗೆಗೆ ಒತ್ತಿದ. ಎರಡು ರೊಟ್ಟಿ ಆಗುವ ತನಕ ಒತ್ತಿಕೊಂಡೇ ಇದ್ದ.

"ಅದಽ," ಎಂದ.

"ಸುಳ್ಳ ಹೇಳಬ್ಯಾಡ್ರಿ," ಎಂದಳು ಅವ್ವ, ಅವನಿಗೆ ಕೇಳದೆಂದು ಗೊತ್ತಿದ್ದೂ. ಅವಳ ಮುಖ ಒಲೆಯ ಕಡೆಗಿತ್ತು. ಕೈ ನಿಲ್ಲಲಿಲ್ಲ.

ನಂದಿನಿಗೆ ಈ ಕಡೆಯ ಸಂಗತಿಯನ್ನು ನಾನು ಹೇಳಿರಲಿಲ್ಲ. ಅವಳ ಚಹಾ ಮುಗಿದಿತ್ತು. ಮತ್ತೆ ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಜೋಡಿ ಕೇಳಿ ಅಂಕಿ ಬರೆದುಕೊಟ್ಟೆ. ಮೂರು, ಎರಡು, ಐದು, ಎರಡು. ಬ್ಯಾರೆಶಾಂತಿಯ ಕೈ ಅಷ್ಟು ಸುಲಭಕ್ಕೆ ಏರುವುದಿಲ್ಲ. ಕೊನೆಯ ಜೋಡಿಯಲ್ಲಿ ಮೊದಲನೆಯದು ಎರಡು ಕೈಯ ಸರಾಗ ಬಡಿತ. ಎರಡನೆಯದನ್ನು ಯಂತ್ರದಲ್ಲಿ ನಿಧಾನ ಮಾಡಿ, ನಡುನಡುವೆ ಪೆಟ್ಟು ತೆಗೆದಿದ್ದರು. ಮೂರು ತಟ್ಟು, ಬಿಡುವು, ಒಂದು ತಟ್ಟು. ನಾನು ಅಂಗೈಯನ್ನು ಕೂತಿದ್ದ ಅಪ್ಪನ ಹಲಗೆಗೆ ಒತ್ತಿ ಹಿಡಿದು ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದೆ. ಆಮೇಲೆ ಬರೆದೆ. ಹುಡುಗಿ ಹಾಳೆ ನೋಡಿ ಹುಬ್ಬೇರಿಸಿದಳು.

"ಅಜ್ಜಿ, ಇವೆರಡು ಭಾಳ ಬ್ಯಾರೆ ಅದಾವ್ರಿ. ಎಲ್ಲಾರೂ ಒಂದು ಇಲ್ಲಾ ಎರಡು ಬರದಾರ. ತಿದ್ದತೀರೇನು?"

"ಬ್ಯಾಡವಾ," ಎಂದೆ. "ಏಳಽ ಇರಲಿ."